ಅಲ್ಯೂಮಿನಿಯಂ ರೇಡಿಯೇಟರು: ಒಳಗಿನ ಸವೆತ, ಹೊರಗಿನ ಸೋರಿಕೆ

ಮೋಟಾರು ವಾಹನದ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಾಖವೆಲ್ಲವೂ ಚಕ್ರಗಳನ್ನು ತಿರುಗಿಸುವುದಕ್ಕೆ ವಿನಿಯೋಗವಾಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಕೆಲಸಕ್ಕೆ ಒದಗುತ್ತದೆ. ಮತ್ತೊಂದು ಪಾಲು ಹೊಗೆಯ ಕೊಳವೆಯ ಮೂಲಕ ಹೊರಬೀಳುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ಎಂಜಿನ್ನಿನ ಮೈಯಿಂದ ಹೊತ್ತು ತಂದು ಹೊರಗಿನ ಗಾಳಿಗೆ ಒಪ್ಪಿಸುವ ಹೊಣೆ ರೇಡಿಯೇಟರಿನದು. ಸದ್ದಿಲ್ಲದೆ, ಚಾಲಕನ ಕಣ್ಣಿಗೆ ಬೀಳದೆ ನಡೆಯುವ ಈ ಕಾರ್ಯ ಕೆಲವೇ ನಿಮಿಷ ನಿಂತುಹೋದರೂ ಸಿಲಿಂಡರಿನ ತಲೆಭಾಗ ಬಾಗಿ, ಗ್ಯಾಸ್ಕೆಟ್ ಸುಟ್ಟು, ಎಂಜಿನ್ನನ್ನೇ ಬಿಚ್ಚಬೇಕಾದ ಪ್ರಸಂಗ ಒದಗಬಹುದು.

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಇದು ದೂರದ ವಿಷಯವಲ್ಲ. ಭತ್ತ ಮತ್ತು ಹೊಗೆಸೊಪ್ಪು ಸಾಗಿಸುವ ವಾಹನಗಳು, ಹುಣಸೂರಿನ ಮಾರ್ಗವಾಗಿ ಮಡಿಕೇರಿಯ ಏರನ್ನು ಹತ್ತುವ ಬಾಡಿಗೆ ಕಾರುಗಳು, ಹಳ್ಳಿ ಹಳ್ಳಿಗಳಿಂದ ಮಕ್ಕಳನ್ನು ಕರೆತರುವ ಶಾಲಾ ವಾಹನಗಳು ದಿನವೂ ಇಲ್ಲಿ ಓಡಾಡುತ್ತವೆ. ಸರಗೂರಿನಾಚೆ ಕಾಡಂಚಿನ ದಾರಿಯಲ್ಲಿ ಸಂಜೆಯ ಹೊತ್ತು ಮಕ್ಕಳು ತುಂಬಿದ ವಾಹನವೊಂದು ಹಬೆಯುಗುಳುತ್ತ ನಿಂತರೆ ಅದು ಕೇವಲ ಯಂತ್ರದ ತೊಂದರೆಯಾಗಿ ಉಳಿಯುವುದಿಲ್ಲ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಡಿಕ್ಕಿಯಲ್ಲಿ ಒಂದು ಡಬ್ಬ ನೀರು ಇರುವುದು ವಾಡಿಕೆಯಾಗಿತ್ತು. ಲಾರಿಯ ಕ್ಲೀನರನು ಚಾಮರಾಜ ನಾಲೆಯಲ್ಲೋ ದಾರಿಬದಿಯ ಕೆರೆಯಲ್ಲೋ ಬಕೆಟ್ಟು ಅದ್ದಿ ತಂದು ರೇಡಿಯೇಟರಿಗೆ ಸುರಿಯುತ್ತಿದ್ದನು. ಆ ರೇಡಿಯೇಟರುಗಳು ತಾಮ್ರ ಮತ್ತು ಹಿತ್ತಾಳೆಯವು. ಕೆರೆಯ ನೀರು ಅವುಗಳಿಗೂ ಒಳ್ಳೆಯದೇನಲ್ಲ. ಆದರೆ ಅವು ತಡೆದುಕೊಳ್ಳುತ್ತಿದ್ದವು, ಸೋರಿದರೆ ಪೇಟೆಯ ಬೆಸುಗೆಯವನು ಅರ್ಧ ದಿನದಲ್ಲಿ ಸರಿಪಡಿಸುತ್ತಿದ್ದನು. ಈಚಿನ ದಶಕಗಳಲ್ಲಿ ಕಾರುಗಳ ರೇಡಿಯೇಟರುಗಳು ಬಹುಮಟ್ಟಿಗೆ ಅಲ್ಯೂಮಿನಿಯಮ್ಮಿನವಾಗಿವೆ. ಲೋಹ ಬದಲಾಯಿತು, ನೀರಿನ ಡಬ್ಬ ಮಾತ್ರ ಬದಲಾಗಲಿಲ್ಲ. ಇಂದಿನ ಸೋರಿಕೆಗಳಲ್ಲಿ ಅನೇಕವು ಈ ಒಂದು ಹೊಂದಿಕೆಯಿಲ್ಲದ ರೂಢಿಯಿಂದ ಹುಟ್ಟುತ್ತವೆ.

ಲೋಹ ಬದಲಾದ ಬಗೆ

ಶಾಖವನ್ನು ಸಾಗಿಸುವುದರಲ್ಲಿ ತಾಮ್ರವೇ ಮೇಲು. ಅದರ ಉಷ್ಣವಾಹಕತೆ ಸುಮಾರು 400 ವ್ಯಾಟ್ ಆದರೆ, ಅದೇ ಮಾನದಲ್ಲಿ ಅಲ್ಯೂಮಿನಿಯಮ್ಮಿನದು ಸುಮಾರು 237. ಆದರೆ ಒಂದು ಘನ ಮೀಟರ್ ತಾಮ್ರ 8,900 ಕಿಲೋಗ್ರಾಂ ತೂಗಿದರೆ ಅಷ್ಟೇ ಗಾತ್ರದ ಅಲ್ಯೂಮಿನಿಯಂ 2,700 ಕಿಲೋಗ್ರಾಂ ಮಾತ್ರ ತೂಗುತ್ತದೆ, ಬೆಲೆಯೂ ಕಡಮೆ. ಮೇಲಾಗಿ ಹಳೆಯ ರೇಡಿಯೇಟರಿನಲ್ಲಿ ಕೊಳವೆಗೂ ರೆಕ್ಕೆಗೂ ನಡುವೆ ಸೀಸ ಮತ್ತು ತವರದ ಬೆಸುಗೆಯಿರುತ್ತಿತ್ತು. ಶಾಖಕ್ಕೆ ಅದು ಅಷ್ಟು ಒಳ್ಳೆಯ ದಾರಿಯಲ್ಲ. ಅಲ್ಯೂಮಿನಿಯಂ ಅದಿರಿನಿಂದ ಲೋಹವನ್ನು ವಿದ್ಯುತ್ತಿನ ಮೂಲಕ ಅಗ್ಗವಾಗಿ ಬೇರ್ಪಡಿಸುವ ವಿಧಾನವನ್ನು ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಪ್ರತ್ಯೇಕವಾಗಿ 1886ರಲ್ಲಿ ಕಂಡುಹಿಡಿದರು. ನಮ್ಮ ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯ ಹೆಸರನ್ನು ಭೂಗೋಳದ ಪಾಠದಲ್ಲಿ ಓದದ ವಿದ್ಯಾರ್ಥಿಯಿಲ್ಲ. ಆದರೂ ತೆಳುವಾದ ಅಲ್ಯೂಮಿನಿಯಂ ಕೊಳವೆಗಳನ್ನು ಸೋರದಂತೆ ಜೋಡಿಸುವ ಕುಲುಮೆಯ ವಿಧಾನ ಪಕ್ವವಾಗಿ, ಇಂತಹ ರೇಡಿಯೇಟರುಗಳು ಹರಡತೊಡಗಿದ್ದು 1970 ಮತ್ತು 1980ರ ದಶಕಗಳಲ್ಲಿ. ಮ್ಯಾಂಗನೀಸ್ ಬೆರೆತ ಅಲ್ಯೂಮಿನಿಯಂ ಹಾಳೆಯ ಮೇಲೆ ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ಮಿನ ತೆಳುಪದರವಿರುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಈ ಮೇಲ್ಪದರವಷ್ಟೇ ಕರಗಿ, ನೂರಾರು ಸಂದುಗಳನ್ನು ಒಂದೇ ಸಲಕ್ಕೆ ಬೆಸೆಯುತ್ತದೆ.

ಇಲ್ಲಿ ನೆನಪಿಡಬೇಕಾದ ಒಂದು ಅಳತೆಯುಂಟು. ಆ ಕೊಳವೆಗಳ ಗೋಡೆಯ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಹೆಚ್ಚು ಕಡಮೆ ಒಂದು ಅಂಚೆ ಕಾರ್ಡಿನಷ್ಟು. ಬಿಸಿಯಾದ, ಒತ್ತಡದಲ್ಲಿರುವ ದ್ರವವನ್ನು ವರ್ಷಗಟ್ಟಲೆ ಹಿಡಿದಿಡುವುದು ಇಷ್ಟೇ ಲೋಹ.

ಲೋಹದ ಕವಚ

ಅಲ್ಯೂಮಿನಿಯಂ ಬಹಳ ಚುರುಕಾದ ಲೋಹ. ಗಾಳಿ ತಾಗಿದ ಕ್ಷಣವೇ ಆಮ್ಲಜನಕದೊಡನೆ ಕೂಡಿ ತನ್ನ ಮೈಮೇಲೆ ಆಕ್ಸೈಡಿನ ಪದರವೊಂದನ್ನು ಹೊದೆದುಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಈ ಪದರ ಕಬ್ಬಿಣದ ತುಕ್ಕಿನಂತೆ ಉದುರುವುದಿಲ್ಲ. ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಪದರ ಕೆಡದಿರುವವರೆಗೆ ಲೋಹಕ್ಕೆ ಅಪಾಯವಿಲ್ಲ. ಪಠ್ಯಪುಸ್ತಕಗಳು ಸಂಕ್ಷಾರಣ ಅಥವಾ ನಶಿಸುವಿಕೆ ಎಂದು ಕರೆಯುವ ಕ್ರಿಯೆ ಆರಂಭವಾಗುವುದು ಈ ಕವಚ ಒಡೆದಾಗ.

ಅದು ಎರಡು ರೀತಿಯಲ್ಲಿ ಕೆಡುತ್ತದೆ. ಮೊದಲನೆಯದು ಹುಳಿ ಮತ್ತು ಕ್ಷಾರ. ಪಿಎಚ್ ಮಾನ ಸುಮಾರು 4ರಿಂದ 8.5ರವರೆಗೆ ಇರುವಾಗ ಆಕ್ಸೈಡ್ ನೀರಿನಲ್ಲಿ ಕರಗದೆ ಉಳಿಯುತ್ತದೆ. ಅದರ ಈಚೆಗೂ ಆಚೆಗೂ ಕರಗತೊಡಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಿಸೆಹುಳಿಯ ಸಾರನ್ನಾಗಲಿ ಮಜ್ಜಿಗೆಯನ್ನಾಗಲಿ ರಾತ್ರಿಯಿಡೀ ಇಡಬಾರದೆಂಬುದು ವಿದ್ಯಾರ್ಥಿನಿಲಯದ ಅಡುಗೆಯವರಿಗೆಲ್ಲ ತಿಳಿದ ಮಾತು. ಅದೇ ಪಾತ್ರೆಯನ್ನು ವಾಷಿಂಗ್ ಸೋಡಾ ಹಾಕಿ ಉಜ್ಜಿದರೆ ಕಪ್ಪಾಗುತ್ತದೆಂಬುದೂ ಅವರಿಗೆ ಗೊತ್ತು. ಅಡುಗೆಮನೆಯ ಈ ತಿಳಿವಳಿಕೆ ವಾಹನ ತೊಳೆಯುವ ಜಾಗವನ್ನು ಇನ್ನೂ ತಲುಪಿಲ್ಲ. ಅಲ್ಲಿ ರೇಡಿಯೇಟರಿನ ಒಳಗನ್ನು ಕಾಸ್ಟಿಕ್ ಸೋಡಾದಿಂದಲೋ ಆಮ್ಲದಿಂದಲೋ ತೊಳೆಯುವ ಹಳೆಯ ಪದ್ಧತಿ ಅಲ್ಲಲ್ಲಿ ಉಳಿದಿದೆ.

ಎರಡನೆಯದು ಕ್ಲೋರೈಡ್. ಇದನ್ನು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಹತ್ತು ನಿಮಿಷದಲ್ಲಿ ತೋರಿಸಬಹುದು. ಗಾಜಿನ ಪಾತ್ರೆಯಲ್ಲಿ ಮೈಲುತುತ್ತದ ತಿಳಿಯಾದ ದ್ರಾವಣವನ್ನು ತೆಗೆದುಕೊಂಡು ಅದರಲ್ಲಿ ಅಲ್ಯೂಮಿನಿಯಂ ಹಾಳೆಯ ತುಂಡನ್ನು ಮುಳುಗಿಸಬೇಕು. ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯ ಪ್ರಕಾರ ಅಲ್ಯೂಮಿನಿಯಂ ತಾಮ್ರವನ್ನು ಹೊರದಬ್ಬಬೇಕು. ಆದರೆ ಬಹಳ ಹೊತ್ತು ಏನೂ ನಡೆಯುವಂತೆ ಕಾಣುವುದಿಲ್ಲ. ಕವಚ ತಡೆದಿರುತ್ತದೆ. ಈಗ ಒಂದು ಚಮಚ ಅಡುಗೆ ಉಪ್ಪನ್ನು ಹಾಕಿ ಕದಡಿದರೆ ಸ್ವಲ್ಪ ಹೊತ್ತಿನಲ್ಲೇ ಗುಳ್ಳೆಗಳು ಏಳುತ್ತವೆ, ದ್ರಾವಣ ಬಿಸಿಯಾಗುತ್ತದೆ, ಹಾಳೆಯ ಮೇಲೆ ಕೆಂಪು ತಾಮ್ರ ಕೂಡಿ ಹಾಳೆ ತೂತುತೂತಾಗಿ ಹರಿಯುತ್ತದೆ. (ಏಳುವ ಗುಳ್ಳೆಗಳಲ್ಲಿ ಜಲಜನಕವಿರುವುದರಿಂದ ಹತ್ತಿರ ಉರಿಯಿಡಬಾರದು; ಉಪಾಧ್ಯಾಯರು ಹತ್ತಿರವೇ ನಿಂತಿರಬೇಕು.) ಉಪ್ಪಿನಲ್ಲಿರುವ ಕ್ಲೋರೈಡ್ ಕವಚದ ದುರ್ಬಲ ಸ್ಥಳಗಳನ್ನು ಹುಡುಕಿ ಒಡೆಯಿತು, ತಾಮ್ರ ಉಳಿದ ಕೆಲಸ ಮಾಡಿತು.

ರೇಡಿಯೇಟರಿನಲ್ಲಿ ಇದೇ ಕ್ರಿಯೆ ವರ್ಷಗಳ ಕಾಲ ನಿಧಾನವಾಗಿ ನಡೆಯುತ್ತದೆ. ಲೋಹ ಎಲ್ಲೆಡೆ ಸಮನಾಗಿ ಸವೆಯುವುದಿಲ್ಲ. ಸೂಜಿಯ ಮೊನೆಯಷ್ಟು ಜಾಗದಲ್ಲಿ ಗುಳಿ ಬಿದ್ದು, ಗುಳಿ ಆಳವಾಗುತ್ತ ಹೋಗಿ, ಒಂದು ದಿನ ಗೋಡೆಯನ್ನು ದಾಟುತ್ತದೆ. ಕೊಳವೆಯ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೊಸದರಂತಿದ್ದರೂ ಆ ಒಂದು ರಂಧ್ರ ಸಾಕು. ತಂಪುದ್ರವ ಹರಿಯುವ ದಾರಿಯಲ್ಲಿ ಹಿತ್ತಾಳೆಯ ಭಾಗಗಳಿದ್ದರೆ ಅವುಗಳಿಂದ ಕರಗಿ ಬಂದ ತಾಮ್ರದ ಕಣ ಅಲ್ಯೂಮಿನಿಯಮ್ಮಿನ ಮೇಲೆ ಕೂತು, ಅಲ್ಲೊಂದು ಪುಟ್ಟ ವಿದ್ಯುತ್ಕೋಶವನ್ನೇ ನಿರ್ಮಿಸಿ ಸವೆತವನ್ನು ಚುರುಕುಗೊಳಿಸುತ್ತದೆ.

ಕುಡಿಯುವ ನೀರು ಬೇರೆ, ರೇಡಿಯೇಟರಿನ ನೀರು ಬೇರೆ

ಈ ಸೀಮೆಯ ಮುಖ್ಯ ನದಿಗಳು ಮೂರು: ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ. ಆದರೆ ನಾಲೆಯಿಂದ ದೂರವಿರುವ ಊರುಗಳಲ್ಲಿ ವಾಹನಕ್ಕೆ ಸಿಗುವುದು ಕೊಳವೆಬಾವಿಯ ನೀರು. ಗಟ್ಟಿ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವ ಬೆಳ್ಳನೆಯ ಗಾರೆ ಇದರ ಗುರುತು.

“ನಾವು ಕುಡಿಯುವ ನೀರನ್ನೇ ಹಾಕುತ್ತೇವೆ” ಎಂದು ಚಾಲಕರು ಸಮಾಧಾನ ಹೇಳುವುದುಂಟು. ಅಂಕಿಗಳನ್ನು ನೋಡಿದರೆ ಈ ಸಮಾಧಾನ ನಿಲ್ಲುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಐ.ಎಸ್. 10500 ವಿಧಿಸಿರುವಂತೆ ಒಂದು ಲೀಟರಿನಲ್ಲಿ ಗಡಸುತನ 200 ಮಿಲಿಗ್ರಾಂ ಇರಬಹುದು. ಬೇರೆ ನೀರಿಲ್ಲದಿದ್ದರೆ 600ರವರೆಗೂ ಸೈರಿಸಬಹುದು. ಕ್ಲೋರೈಡ್ 250, ಅನಿವಾರ್ಯವಾದರೆ 1,000. ಆದರೆ ಭಾರಿ ಎಂಜಿನ್ನುಗಳ ತಯಾರಕರು ತಂಪುದ್ರವಕ್ಕೆ ಬೆರೆಸುವ ನೀರಿನಲ್ಲಿ ಕ್ಲೋರೈಡ್ 40 ಮಿಲಿಗ್ರಾಮನ್ನೂ, ಗಡಸುತನ 170 ಮಿಲಿಗ್ರಾಮನ್ನೂ ಮೀರಬಾರದೆನ್ನುತ್ತಾರೆ. ಮನುಷ್ಯನ ಹೊಟ್ಟೆ ಸಹಿಸುವುದನ್ನು ಕಾಲು ಮಿಲಿಮೀಟರಿನ ಅಲ್ಯೂಮಿನಿಯಂ ಸಹಿಸಲಾರದು.

ಗಡಸು ನೀರಿನಿಂದಾಗುವ ಕೇಡು ಇನ್ನೊಂದು ಬಗೆಯದು. ಲೀಟರಿಗೆ 500 ಮಿಲಿಗ್ರಾಂ ಗಡಸುತನದ ನೀರನ್ನು ಸೋರುವ ರೇಡಿಯೇಟರಿಗೆ ವಾರಕ್ಕೆ ಒಂದು ಲೀಟರಿನಂತೆ ತುಂಬುತ್ತ ಬಂದರೆ ವರ್ಷಕ್ಕೆ 26 ಗ್ರಾಂ ಸುಣ್ಣದಂಶ ಒಳಸೇರುತ್ತದೆ. ಅದೆಲ್ಲವೂ ಒಳಗೇ ಉಳಿಯದಿದ್ದರೂ ಒಂದು ಪಾಲು ಎಂಜಿನ್ನಿನ ಅತಿ ಬಿಸಿಯಾದ ಗೋಡೆಗಳ ಮೇಲೆಯೇ ಕೂರುತ್ತದೆ, ಶಾಖ ಹೊರಬರುವ ದಾರಿಯನ್ನೇ ಮುಚ್ಚುತ್ತದೆ. 1918ರಲ್ಲಿ ಆರಂಭವಾದ ಮೈಸೂರು–ಅರಸೀಕೆರೆ ರೈಲುಮಾರ್ಗ ಕೃಷ್ಣರಾಜನಗರದ ಮೂಲಕವೇ ಹಾದುಹೋಗುತ್ತದೆ. ಉಗಿಬಂಡಿಗಳ ಆ ಯುಗದಲ್ಲಿ ಎಲ್ಲಾದರೂ ಬಾಯ್ಲರಿಗೆ ತುಂಬುವ ನೀರಿನ ಗುಣ ರೈಲ್ವೆಯವರಿಗೆ ದೊಡ್ಡ ಚಿಂತೆಯಾಗಿದ್ದುದು ಇದೇ ಸುಣ್ಣದ ಪದರದಿಂದ.

ನೀರನ್ನು ಕುದಿಸಿ ಆರಿಸಿ ಹಾಕಿದರಾಗದೆ ಎಂದು ಕೇಳಬಹುದು. ಕುದಿಸಿದರೆ ತಾತ್ಕಾಲಿಕ ಗಡಸುತನ ಮಾತ್ರ ಹೋಗುತ್ತದೆ. ಕ್ಲೋರೈಡ್ ಹಾಗೆಯೇ ಉಳಿದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಉಪ್ಪಿನ ಸಹಾಯದಿಂದ ನೀರನ್ನು ಮೃದುಗೊಳಿಸುವ ಯಂತ್ರಗಳೂ ಕ್ಯಾಲ್ಸಿಯಮ್ಮಿನ ಜಾಗದಲ್ಲಿ ಸೋಡಿಯಮ್ಮನ್ನು ಇಡುತ್ತವೆಯೇ ಹೊರತು ಕ್ಲೋರೈಡನ್ನು ತೆಗೆಯುವುದಿಲ್ಲ. ಹಳ್ಳಿಗಳ ಶುದ್ಧ ನೀರಿನ ಘಟಕದ ನೀರು ಕೊಳವೆಬಾವಿಯ ನೀರಿಗಿಂತ ಬಹಳ ಮೇಲು. ಅತ್ಯುತ್ತಮವಾದುದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅಥವಾ ಖನಿಜರಹಿತ ನೀರು.

ಹೆಸರಿನಿಂದಾದ ಭ್ರಾಂತಿ

ಶುದ್ಧ ನೀರೊಂದೇ ಸಾಲದು. ಅದರೊಡನೆ ಕೂಲೆಂಟ್ ಬೇಕು. ಇಂಗ್ಲಿಷ್ ಬಳಕೆಯಲ್ಲಿ ಇದಕ್ಕೆ ಆಂಟಿಫ್ರೀಜ್ ಎಂಬ ಹೆಸರೂ ಇರುವುದರಿಂದ ಅನರ್ಥವಾಗಿದೆ. ನೀರು ಹೆಪ್ಪುಗಟ್ಟುವಂತಹ ಚಳಿ ಇಲ್ಲಿ ಇಲ್ಲವಾದ್ದರಿಂದ ಅದು ಹಿಮದ ನಾಡಿನವರಿಗೆ ಬೇಕಾದ ವಸ್ತುವೆಂದು ಅನೇಕರು ಬಗೆದಿದ್ದಾರೆ. ಕೂಲೆಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲನ್ನು ಸಮಪಾಲು ನೀರಿನೊಡನೆ ಬೆರೆಸಿದರೆ ಅದು ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲವೆಂಬುದು ನಿಜ. ಅದು ಕೃಷ್ಣರಾಜನಗರಕ್ಕೆ ಬೇಡದ ಗುಣವೆಂಬುದೂ ನಿಜ. ಬೇಕಾದುದು ಅದರೊಳಗೆ ಅಲ್ಪ ಪ್ರಮಾಣದಲ್ಲಿ ಬೆರೆಸಿರುವ ಪ್ರತಿಬಂಧಕ ದ್ರವ್ಯಗಳು. ಸಿಲಿಕೇಟ್, ಫಾಸ್ಫೇಟ್ ಮೊದಲಾದುವು ಅಲ್ಯೂಮಿನಿಯಮ್ಮಿನ ಕವಚದ ಮೇಲೆ ಇನ್ನೊಂದು ರಕ್ಷಣೆಯ ಪದರ ಹೊದಿಸುತ್ತವೆ; ಈಚಿನ ಕೂಲೆಂಟುಗಳಲ್ಲಿರುವ ಸಾವಯವ ಆಮ್ಲಗಳ ಲವಣಗಳು ಕವಚ ಬಿರಿದ ಕಡೆಗೇ ಹೋಗಿ ಮುಚ್ಚುತ್ತವೆ; ಟ್ರೈಯಜೋಲ್ ಎಂಬ ವರ್ಗದವು ತಾಮ್ರ ಕರಗದಂತೆ ತಡೆಯುತ್ತವೆ. ಚಳಿಯಿರಲಿ ಇಲ್ಲದಿರಲಿ, ಈ ಕಾವಲು ಎಲ್ಲ ಊರಿಗೂ ಬೇಕು.

ಆದರೆ ಕಾವಲಿಗೆ ಆಯುಷ್ಯದ ಮಿತಿಯುಂಟು. ಸಿಲಿಕೇಟ್ ಬಗೆಯ ಹಳೆಯ ಕೂಲೆಂಟುಗಳನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಸಾವಯವ ಬಗೆಯವನ್ನು ಸುಮಾರು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ವಾಹನದ ಕೈಪಿಡಿಯ ಮಾತೇ ಅಂತಿಮ. ಗ್ಲೈಕಾಲ್ ಹಳತಾದಂತೆ ಗಾಳಿ ಮತ್ತು ಶಾಖದಿಂದ ಒಡೆದು ಆಮ್ಲಗಳಾಗುತ್ತದೆ, ದ್ರವದ ಹುಳಿ ಏರುತ್ತದೆ. ಆಗ ಕಾಯಬೇಕಾದುದೇ ಕಡಿಯತೊಡಗುತ್ತದೆ. ಹಸಿರು, ಕೆಂಪು, ನೀಲಿ ಬಣ್ಣಗಳನ್ನು ನಂಬಿ ಕೊಳ್ಳುವುದೂ ಸರಿಯಲ್ಲ. ಬಣ್ಣವನ್ನು ತಯಾರಕನು ತನ್ನ ಇಷ್ಟದಂತೆ ಬೆರೆಸುತ್ತಾನೆ. ಡಬ್ಬಿಯ ಮೇಲೆ ಐ.ಎಸ್. 5759, ಜಪಾನಿನ ಕೆ 2234, ಅಮೆರಿಕದ ಡಿ 3306 ಮುಂತಾದ ಮಾನಕಗಳ ಉಲ್ಲೇಖವಿದೆಯೇ, ವಾಹನದ ಕೈಪಿಡಿ ಹೇಳಿದ ಬಗೆಯೇ ಅದು ಎಂದು ಓದಿನೋಡಬೇಕು. ಬೇರೆ ಬೇರೆ ಬಗೆಯವನ್ನು ಬೆರೆಸಿದರೆ ಪ್ರತಿಬಂಧಕಗಳು ಕೆಲಸಗೆಡಬಹುದು, ಕೆಲವೊಮ್ಮೆ ಲೋಳೆಯಂತೆ ಗಟ್ಟಿಯಾಗಿ ಕೊಳವೆಗಳನ್ನು ಕಟ್ಟಬಹುದು. ನೇರವಾಗಿ ಸುರಿಯಲು ಸಿದ್ಧಪಡಿಸಿದ ಕೂಲೆಂಟಿಗೆ ಉಳಿತಾಯದ ಆಸೆಯಿಂದ ಮತ್ತೆ ನೀರು ಬೆರೆಸುವುದು ತೀರ ಸಾಮಾನ್ಯವಾದ ಅಪಚಾರ.

ಮೇಲೆ ಮೇಲೆ ನೀರು ತುಂಬುವುದರ ಪರಿಣಾಮವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿ ಲೆಕ್ಕ ಹಾಕಬಲ್ಲನು. ಆರು ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ ಅರ್ಧದಷ್ಟು ಗ್ಲೈಕಾಲ್ ಇದೆಯೆಂದಿಟ್ಟುಕೊಳ್ಳೋಣ. ಒಂದು ಲೀಟರ್ ಸೋರಿ, ಅಷ್ಟೇ ಬರಿ ನೀರನ್ನು ತುಂಬಿದಾಗ ಗ್ಲೈಕಾಲಿನ ಪ್ರಮಾಣ ಮೊದಲಿದ್ದುದರ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಹೀಗೆ ನಾಲ್ಕು ಸಲ ನಡೆದರೆ ಶೇಕಡ 50 ಇದ್ದದ್ದು ಶೇಕಡ 24 ಆಗುತ್ತದೆ. ಪ್ರತಿಬಂಧಕಗಳೂ ಅದೇ ಪ್ರಮಾಣದಲ್ಲಿ ಇಳಿದಿರುತ್ತವೆ. ದ್ರವಕ್ಕೆ ಇನ್ನೂ ಹಸಿರು ಬಣ್ಣ ಇರುವುದರಿಂದ ಯಾರಿಗೂ ಸಂಶಯ ಬಾರದು.

ಸೋರಿಕೆಯನ್ನು ಹುಡುಕುವುದು

ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ, ಒತ್ತಡದ ಕವಾಟ. ಹೊರಗಿನ ಗಾಳಿಗಿಂತ ಸುಮಾರು 0.9 ಬಾರ್ ಹೆಚ್ಚಿನ ಒತ್ತಡವನ್ನು ಹಿಡಿದಿಟ್ಟು, ನೀರು ಕುದಿಯುವ ಬಿಂದುವನ್ನು 100ರಿಂದ ಸುಮಾರು 118 ಡಿಗ್ರಿಗೆ ಏರಿಸುತ್ತದೆ. ಅದರ ರಬ್ಬರು ಗಟ್ಟಿಯಾದರೆ ದ್ರವ ಆವಿಯಾಗಿ ಹೋಗುತ್ತದೆ. ಸೋರಿಕೆ ಎಲ್ಲಿಯೂ ಕಾಣುವುದಿಲ್ಲ, ಮಟ್ಟ ಮಾತ್ರ ಇಳಿಯುತ್ತಿರುತ್ತದೆ. ಹೊಸ ಮುಚ್ಚಳದಿಂದ ತೀರಬಹುದಾದ ತೊಂದರೆಗೆ ಹೊಸ ರೇಡಿಯೇಟರು ಕೊಂಡವರೂ ಇದ್ದಾರು. ಎಂಜಿನ್ ಬಿಸಿಯಿರುವಾಗ ಮುಚ್ಚಳ ತೆರೆದರೆ ಒಳಗಿನ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಪೂರ್ಣ ಆರಿದ ಮೇಲಲ್ಲದೆ ಅದನ್ನು ಮುಟ್ಟಕೂಡದು.

ಇನ್ನೊಂದು ದುರ್ಬಲ ಸ್ಥಳ, ಅಲ್ಯೂಮಿನಿಯಂ ತಟ್ಟೆಗೂ ಎರಡು ಅಂಚಿನ ಪ್ಲಾಸ್ಟಿಕ್ ತೊಟ್ಟಿಗೂ ನಡುವಿನ ರಬ್ಬರು ಸಂದು. ಶಾಖ ಮತ್ತು ತಂಪಿನ ಸಾವಿರಾರು ಸರದಿಗಳಲ್ಲಿ ರಬ್ಬರು ಒಣಗುತ್ತದೆ, ಪ್ಲಾಸ್ಟಿಕ್ ಬಿರಿಯುತ್ತದೆ. ಹೋಸ್ ಪೈಪಿನ ಕ್ಲಿಪ್ಪುಗಳು, ನೀರಿನ ಪಂಪಿನ ಅಡಿಯ ಸಣ್ಣ ರಂಧ್ರ, ಇವನ್ನೂ ನೋಡಬೇಕು. ದ್ರವ ಒಸರಿ ಒಣಗಿದಲ್ಲಿ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿರುತ್ತದೆ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬ್ಯಾಟರಿ ದೀಪ ಹಿಡಿದು ನೋಡಿದರೆ ತಿಳಿಯುತ್ತದೆ. ಬಿಸಿಯ ಮುಳ್ಳನ್ನು ಮಾತ್ರ ನಂಬಿ ಕೂರಬಾರದು. ದ್ರವವೆಲ್ಲ ಸೋರಿಹೋದ ಎಂಜಿನ್ನಿನಲ್ಲಿ ಶಾಖ ಅಳೆಯುವ ಭಾಗ ಬರಿ ಗಾಳಿಯಲ್ಲಿ ನಿಂತು, ಮುಳ್ಳು ಕೆಳಗೇ ಇರುವುದುಂಟು.

ಹೊರಮೈಗೂ ಆರೈಕೆ ಬೇಕು. ಹೊಲದ ಕೆಸರು, ಭತ್ತದ ಹೊಟ್ಟು ರೆಕ್ಕೆಗಳ ನಡುವೆ ತುಂಬಿ ತೇವ ಹಿಡಿದಿಟ್ಟರೆ ಸವೆತ ಹೊರಗಿನಿಂದಲೂ ಆರಂಭವಾಗುತ್ತದೆ. ತೊಳೆಯುವಾಗ ನೀರನ್ನು ಮೆಲ್ಲಗೆ ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಬಿಡಬೇಕು. ಜೋರಿನ ಧಾರೆ ಕಾಗದದಷ್ಟು ತೆಳುವಾದ ರೆಕ್ಕೆಗಳನ್ನು ಮಡಚಿಬಿಡುತ್ತದೆ.

ಬೇಗ ಬೇಗ ತೂತು ಬೀಳುವ ವಾಹನದಲ್ಲಿ ವಿದ್ಯುತ್ತಿನ ಕಳ್ಳದಾರಿಯನ್ನು ಶಂಕಿಸಬೇಕು. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತಿಂಗ್ ತಂತಿ ತುಕ್ಕು ಹಿಡಿದರೆ ವಿದ್ಯುತ್ತು ಕೂಲೆಂಟಿನ ಮೂಲಕ ಹರಿದು ಲೋಹವನ್ನು ಕರಗಿಸುತ್ತದೆ. ವೋಲ್ಟ್ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು, ಲೋಹಕ್ಕೆ ತಾಗದಂತೆ, ತಣ್ಣಗಿರುವ ಕೂಲೆಂಟಿಗೂ ಹಿಡಿದು, ದೀಪ, ಫ್ಯಾನುಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. 0.3 ವೋಲ್ಟ್ ಮೀರಿದರೆ ಎಲೆಕ್ಟ್ರಿಷಿಯನ್ನನ ಕೆಲಸ ಮೊದಲು, ರೇಡಿಯೇಟರಿನದು ಆಮೇಲೆ. ಅಲ್ಯೂಮಿನಿಯಮ್ಮಿಗೆ 0.1ಕ್ಕಿಂತ ಕಡಮೆಯಿರುವುದೇ ಕ್ಷೇಮ.

ಅರಿಶಿನದ ಮದ್ದು

ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದು ಭಾರತದ ಲಾರಿ ಚಾಲಕರ ಪುರಾತನ ಚಿಕಿತ್ಸೆ. ಪುಡಿ ಉಬ್ಬಿ ರಂಧ್ರದಲ್ಲಿ ಸಿಕ್ಕಿಕೊಂಡು ಸೋರಿಕೆ ನಿಲ್ಲುವುದೂ ಸುಳ್ಳಲ್ಲ. ದಾರಿಯ ನಡುವೆ ಬೇರೆ ಗತಿಯಿಲ್ಲದಾಗ, ಊರು ಮುಟ್ಟುವ ಮಟ್ಟಿಗೆ ಇದನ್ನು ಹಳಿಯುವುದು ಸಲ್ಲದು. ಆದರೆ ಇಂದಿನ ಕೊಳವೆಗಳ ಒಳ ಅಗಲ ಒಂದೆರಡು ಮಿಲಿಮೀಟರ್ ಮಾತ್ರ. ರಂಧ್ರ ಯಾವುದು, ದಾರಿ ಯಾವುದು ಎಂದು ಪುಡಿಗೆ ತಿಳಿಯದು. ಅಂಗಡಿಯಲ್ಲಿ ದೊರೆಯುವ ಸೋರಿಕೆ ನಿಲ್ಲಿಸುವ ಪುಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹೀಗೆ ಮಾಡಿದ ವಾಹನದ ರೇಡಿಯೇಟರನ್ನು ಊರು ತಲುಪಿದೊಡನೆ ತೊಳೆಸಿ, ಸೋರುವ ಭಾಗವನ್ನು ದುರಸ್ತಿ ಮಾಡಿಸಬೇಕು.

ಆ ದುರಸ್ತಿ ಹಿಂದಿನಂತೆ ಸುಲಭವಲ್ಲ. ಆಕ್ಸೈಡಿನ ಕವಚವಿರುವುದರಿಂದ ತವರದ ಬೆಸುಗೆ ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ. ಎಪಾಕ್ಸಿ ಅಂಟು ಸ್ವಲ್ಪ ಕಾಲ ನಿಲ್ಲುತ್ತದೆ. ಗುಳಿಬಿದ್ದು ತೂತಾದ ಕೊಳವೆಯಿದ್ದರೆ ಅಕ್ಕಪಕ್ಕದವೂ ತೂತಾಗುವ ಹಂತದಲ್ಲಿರುತ್ತವೆಯಾದ್ದರಿಂದ ಬದಲಿಸುವುದೇ ಲೇಸು. ಹೊಸದನ್ನು ಕೂರಿಸುವ ಮುನ್ನ ಎಂಜಿನ್ನಿನ ಒಳಗನ್ನು ಡಿಸ್ಟಿಲ್ಡ್ ವಾಟರಿನಿಂದ, ತಿಳಿಯಾಗಿ ಬರುವವರೆಗೆ ತೊಳೆಯಬೇಕು. ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ನೋಡಬೇಕು. ತುಂಬಿದ ದಿನಾಂಕ, ಕೂಲೆಂಟಿನ ಬಗೆ, ಓಡಿದ ಕಿಲೋಮೀಟರು, ಇಷ್ಟನ್ನು ವಾಹನದ ಪುಸ್ತಕದಲ್ಲಿ ಬರೆದಿಟ್ಟರೆ ಚಾಲಕ ಬದಲಾದರೂ ಲೆಕ್ಕ ತಪ್ಪುವುದಿಲ್ಲ.

ಹೊರತೆಗೆದ ಹಳೆಯ ದ್ರವದ ವಿಷಯ ಒಂದು ಉಳಿಯಿತು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನಾಯಿ, ಕರು, ಚಿಕ್ಕ ಮಕ್ಕಳು ಸಿಹಿಯ ಆಸೆಗೆ ಬಾಯಿ ಹಾಕುವ ಅಪಾಯವುಂಟು. ಅದನ್ನು ಅಂಗಳದಲ್ಲಿ ತೆರೆದ ಬಾಣಲೆಯಲ್ಲಿ ಇಡಬಾರದು, ನಾಲೆಗೂ ಚರಂಡಿಗೂ ಚೆಲ್ಲಬಾರದು, ನೀರಿನ ಬಾಟಲಿಯಲ್ಲಿ ತುಂಬಿಡಲೇಬಾರದು. ಮುಚ್ಚಳ ಬಿಗಿದ ಕ್ಯಾನಿನಲ್ಲಿ ಹೆಸರು ಬರೆದಿಟ್ಟು, ಹಳೆಯ ಎಂಜಿನ್ ಎಣ್ಣೆಯೊಡನೆ ಬೆರೆಸದೆ, ಅದನ್ನು ಸಂಗ್ರಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.